ಗೊಣಗಾಟಕ್ಕೆ ಕಿವಿಗೊಟ್ಟವರು
(ಸಂತ ಸ್ತೇಫನರ ಹಬ್ಬದ ಪ್ರಬೋಧನೆ)



ನಿನ್ನೆ ತಾನೇ ಗೋದಲಿಯ ಮುಂದೆ ಮೊಣಕಾಲೂರಿ ಹಾಡಿದೆವು. ಇಂದು ಪೂಜಾವಸ್ತ್ರದ ಬಣ್ಣ ಕೆಂಪು. ಕ್ರಿಸ್ತಜಯಂತಿಯ ಮರುದಿನ, ಡಿಸೆಂಬರ್ 26ರಂದೇ, ಧರ್ಮಸಭೆ ತನ್ನ ಮೊದಲ ರಕ್ತಸಾಕ್ಷಿಯನ್ನು ಸ್ಮರಿಸುತ್ತದೆ. ಪ್ರೇಷಿತರ ಕಾರ್ಯಕಲಾಪಗಳಿಂದ ಈಗ ಕೇಳಿದ ವಾಚನ 6ನೇ ಅಧ್ಯಾಯದ 8ನೇ ವಚನದಿಂದ ಆರಂಭವಾಯಿತು. ಸ್ತೇಫನರ ಸಾವಿನ ಕಥೆ ನಮಗೆಲ್ಲ ಗೊತ್ತು. ಅದರ ಹಿಂದಿನ ಏಳು ವಚನಗಳು ಮಾತ್ರ ಈ ಹಬ್ಬದಲ್ಲಿ ಓದಲ್ಪಡುವುದಿಲ್ಲ. ಆದರೆ ಸ್ತೇಫನರು ನಮಗೆ ದೊರೆತದ್ದೇ ಅಲ್ಲಿ. ಇವತ್ತು ಅಲ್ಲಿಗೇ ಹೋಗೋಣ.

ಜೆರುಸಲೇಮಿನ ಆ ಮೊದಲ ವಿಶ್ವಾಸಿಗಳಲ್ಲಿ ಎರಡು ಬಗೆಯ ಜನರಿದ್ದರು. ಸ್ಥಳೀಯರು ಒಂದು ಕಡೆ, ಗ್ರೀಕ್ ಮಾತನಾಡುವ ಯೆಹೂದ್ಯರು ಇನ್ನೊಂದು ಕಡೆ. ದಿನನಿತ್ಯದ ಹಂಚಿಕೆಯಲ್ಲಿ ಗ್ರೀಕ್ ಮಾತಿನ ವಿಧವೆಯರನ್ನು ಯಾರೂ ಗಮನಿಸುತ್ತಿರಲಿಲ್ಲ. ಜನ ಗೊಣಗಿದರು. ಮೂಲ ಗ್ರೀಕ್‌ನಲ್ಲಿ ಇಲ್ಲಿರುವ ಪದ 'ಗೊಂಗುಸ್ಮೋಸ್'. ಗುರುಮಠದಲ್ಲಿ ಇದನ್ನು ಮೊದಲು ಓದಿದಾಗ ನಾವು ಗೆಳೆಯರೆಲ್ಲ ನಕ್ಕಿದ್ದೆವು. ನಮ್ಮ 'ಗೊಣಗು' ಎಂಬ ಮಾತಿನಂತೆಯೇ ಕಿವಿಗೆ ಬೀಳುತ್ತದೆ! ಮರುಭೂಮಿಯಲ್ಲಿ ಇಸ್ರಯೇಲರು ಮೋಶೆಯ ಮೇಲೆ ಗೊಣಗಿದ್ದಕ್ಕೂ ಗ್ರೀಕ್ ಬೈಬಲಿನಲ್ಲಿ ಇದೇ ಪದವಿದೆ.

ಆ ಗೊಣಗಾಟ ಯಾರ ಮೇಲೆ? ವಿಶ್ವಾಸಿಗಳು ಹೊಲ ಮನೆ ಮಾರಿ ತಂದ ಹಣವನ್ನು ಪ್ರೇಷಿತರ ಪಾದಗಳ ಬಳಿ ಇಡುತ್ತಿದ್ದರು ಎಂದು 4ನೇ ಅಧ್ಯಾಯ ಹೇಳುತ್ತದೆ. ಅಂದಮೇಲೆ ದೂರು ಕೊನೆಗೆ ಬಂದು ನಿಲ್ಲುವುದು ಪ್ರೇಷಿತರ ಮೇಲೆಯೇ. ಅವರು ಸಮಜಾಯಿಷಿ ಕೊಡಬಹುದಿತ್ತು. "ಮೊದಲು ಎತ್ತಿದವರು ಯಾರು?" ಎಂದು ವಿಚಾರಿಸಬಹುದಿತ್ತು. ಎರಡನ್ನೂ ಮಾಡಲಿಲ್ಲ. ಎಲ್ಲರನ್ನೂ ಕೂಡಿಸಿದರು. ತಮ್ಮಿಂದ ಏನು ಆಗುತ್ತದೆ, ಏನು ಆಗುವುದಿಲ್ಲ ಎಂಬುದನ್ನು ಬಿಚ್ಚಿ ಹೇಳಿದರು. ಎಂಥವರು ಬೇಕೆಂದು ತಿಳಿಸಿದರು, ಆದರೆ ಯಾರು ಬೇಕೆಂದು ಹೇಳಲಿಲ್ಲ. ಅದನ್ನು ಜನರಿಗೇ ಬಿಟ್ಟರು. ಜನ ಆರಿಸಿದ ಏಳು ಮಂದಿಯ ಹೆಸರುಗಳನ್ನು ನೋಡಿ: ಸ್ತೇಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಸ. ಏಳೂ ಗ್ರೀಕ್ ಹೆಸರುಗಳೇ! ಯಾರ ತಟ್ಟೆ ಖಾಲಿ ಇತ್ತೋ ಅವರ ಕಡೆಯವರ ಕೈಗೇ ಸೌಟು ಬಂತು. ಪ್ರೇಷಿತರು ಅವರ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು.

ನಮ್ಮ ಭಾಷೆಯಲ್ಲಿ 'ಕೇಳು' ಎಂದರೆ ಕಿವಿಗೊಡು ಎಂದೂ ಆಗುತ್ತದೆ, ವಿಚಾರಿಸು ಎಂದೂ ಆಗುತ್ತದೆ. ಪ್ರೇಷಿತರು ಎರಡೂ ಅರ್ಥದಲ್ಲಿ ಕೇಳಿದರು. ಗುರುಗಳಾದ ನಾವು ಬೋಧಿಸುವುದನ್ನು ವರ್ಷಗಟ್ಟಲೆ ಕಲಿಯುತ್ತೇವೆ. ಕೇಳುವುದನ್ನು ಕಲಿಯುವ ಹೊತ್ತಿಗೆ ಕೂದಲು ನರೆತಿರುತ್ತದೆ.

ನಮ್ಮದೇ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಈ ವರ್ಷದ ಮಳೆಗಾಲದಲ್ಲಿ ಭಾನುವಾರದ ಬೆಳಗಿನ 6 ಗಂಟೆಯ ಬಲಿಪೂಜೆಯನ್ನು 8ಕ್ಕೆ ಬದಲಾಯಿಸಿದೆವು. ಪಾಲನಾ ಸಮಿತಿ ಒಪ್ಪಿತ್ತು. ಪೂಜೆಯ ಕೊನೆಯಲ್ಲಿ ಎರಡು ವಾರ ಪ್ರಕಟಣೆ ಓದಿದೆವು, ಫಲಕಕ್ಕೆ ಅಂಟಿಸಿದೆವು, ವಾಟ್ಸಾಪ್‌ನಲ್ಲಿಯೂ ಹಾಕಿದೆವು. ಇನ್ನೇನು ಬೇಕು ಎಂದುಕೊಂಡೆವು. ನಾಲ್ಕು ಭಾನುವಾರ ಎಡಗಡೆಯ ಹಿಂದಿನ ಬೆಂಚುಗಳು ಖಾಲಿ. ಭಕ್ತಿ ಕಡಿಮೆಯಾಗಿದೆ ಎಂದು ಪ್ರಬೋಧನೆಯಲ್ಲಿ ಗದರಿದ್ದೂ ಉಂಟು! ಕೊನೆಗೆ ಮನೆಗೆಲಸ ಮಾಡುವ ಒಬ್ಬ ತಾಯಿ ಬಾಗಿಲಲ್ಲಿ ನಿಲ್ಲಿಸಿ ಹೇಳಿದರು: "ಸ್ವಾಮಿ, ಎಂಟು ಗಂಟೆಗೆ ನಾವು ಬೇರೆಯವರ ಮನೇಲಿ ಪಾತ್ರೆ ತೊಳೀತಿರ್ತೀವಿ. ನೀವು ಹೇಳಿದ್ದು ನಮಗೆ ಕೇಳಿಸ್ತು. ನಮ್ಮನ್ನ ಯಾರೂ ಕೇಳ್ಲಿಲ್ಲ." ಅವರ ಸಾಲಿನಿಂದ ಸಮಿತಿಯಲ್ಲಿ ಒಬ್ಬರೂ ಇರಲಿಲ್ಲ ಎಂಬುದು ಆಗ ಹೊಳೆಯಿತು. ಮುಂದಿನ ವಾರವೇ ಪೂಜೆ 6 ಗಂಟೆಗೆ ಮರಳಿತು.

ನಮ್ಮದು ಒಂದು ಗಡಿಯಾರದ ವಿಷಯ. ಎಲ್ ಸಾಲ್ವಡಾರ್ ದೇಶದಲ್ಲಿ ಪ್ರಾಣದ ವಿಷಯವಾಗಿತ್ತು. ಸಂತ ಆಸ್ಕರ್ ರೊಮೆರೊ 1977ರ ಫೆಬ್ರವರಿಯಲ್ಲಿ ಸಾನ್ ಸಾಲ್ವಡಾರಿನ ಮಹಾಧರ್ಮಾಧ್ಯಕ್ಷರಾದಾಗ, ಪುಸ್ತಕ ಹಿಡಿದ ಮೃದು ಮನುಷ್ಯ, ಯಾರನ್ನೂ ಎದುರು ಹಾಕಿಕೊಳ್ಳಲಾರರು ಎಂದೇ ಹಲವರು ಎಣಿಸಿದ್ದರು. ಮಾರ್ಚ್ 12ರಂದು ಅವರ ಗೆಳೆಯ, ಯೇಸುಸಭೆಯ ಗುರು ರುತೀಲಿಯೊ ಗ್ರಾಂದೆಯವರ ಕೊಲೆಯಾಯಿತು. ಆಮೇಲೆ ಮಕ್ಕಳನ್ನು ಕಳೆದುಕೊಂಡ ತಾಯಂದಿರು ಅವರ ಬಾಗಿಲಿಗೆ ಬರತೊಡಗಿದರು. ಅವರು ಕುಳಿತು ಕೇಳಿದರು. ಭಾನುವಾರದ ಪ್ರಬೋಧನೆ ಧರ್ಮಪ್ರಾಂತ್ಯದ ರೇಡಿಯೋದಲ್ಲಿ ದೇಶಕ್ಕೆಲ್ಲ ಕೇಳುತ್ತಿತ್ತು. ಅದರಲ್ಲಿ ಆ ವಾರ ಸತ್ತವರ, ಕಾಣೆಯಾದವರ ಹೆಸರುಗಳನ್ನು ಓದುತ್ತಿದ್ದರು. ಆ ಬಡ ತಾಯಂದಿರಿಗೆ ತಮ್ಮ ಮಗನ ಹೆಸರು ಪೀಠದಿಂದ ಕೇಳಿಬಂದಾಗ ಏನನ್ನಿಸಿರಬೇಕು! ಆ ರೇಡಿಯೋ ಕೇಂದ್ರಕ್ಕೆ ಬಾಂಬ್ ಇಟ್ಟರು. 1980ರ ಮಾರ್ಚ್ 24ರಂದು ಬಲಿಪೂಜೆ ಅರ್ಪಿಸುತ್ತಿದ್ದಾಗಲೇ ಅವರನ್ನು ಗುಂಡಿಟ್ಟು ಕೊಂದರು. 2018ರ ಅಕ್ಟೋಬರ್ 14ರಂದು ಪೋಪ್ ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದರು.

ಮತ್ತೆ ಸ್ತೇಫನರ ಬಳಿಗೆ ಬರೋಣ. 6ನೇ ಅಧ್ಯಾಯದಲ್ಲಿ ನಾಯಕರು ವಿಧವೆಯರ ಗೊಣಗಾಟಕ್ಕೆ ಕಿವಿಗೊಟ್ಟರು. ಏಳು ಜನ ಸೇವಕರು ದೊರೆತರು. 7ನೇ ಅಧ್ಯಾಯದಲ್ಲಿ ಬೇರೆ ನಾಯಕರು ಕುಳಿತಿದ್ದಾರೆ. ಅವರು ಸ್ತೇಫನರ ಮಾತು ಕೇಳಲಾರದೆ ಕಿವಿ ಮುಚ್ಚಿಕೊಂಡರು ಎಂದು ಸಂತ ಲೂಕರು ಬರೆಯುತ್ತಾರೆ. ಕಲ್ಲು ಬಿದ್ದದ್ದು ಆಮೇಲೆ.

ಹೊಸ ವರ್ಷಕ್ಕೆ ನಮ್ಮ ಪಾಲನಾ ಸಮಿತಿ ಹೊಸದಾಗಿ ರಚನೆಯಾಗಲಿದೆ. 6 ಗಂಟೆಯ ಪೂಜೆಗೆ ಬರುವ ತಾಯಂದಿರೇ, ಇಂದಿನ ಪೂಜೆ ಮುಗಿದ ಮೇಲೆ ಗೋದಲಿಯ ಹತ್ತಿರ ಐದು ನಿಮಿಷ ನಿಲ್ಲಿ. ನಿಮ್ಮಲ್ಲಿ ಇಬ್ಬರ ಹೆಸರನ್ನು ನೀವೇ ಕೂಡಿ ಮಾತಾಡಿ ಹೇಳಿ. ನಾವು ಯಾರ ಹೆಸರನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ. ಸಮಿತಿಯ ಸಭೆ ಯಾವ ಹೊತ್ತಿಗೆ ಇದ್ದರೆ ಕೆಲಸ ಮುಗಿಸಿ ಬರಲಾದೀತು ಎಂಬುದನ್ನೂ ತಿಳಿಸಿ.