ಅಂಗಡಿ ಬೀದಿಯ ಹೊಣೆ ಯಾರದು?

(ಮಾಸ್ತಿಯಲ್ಲಿ ನಡೆದ ಗ್ರಾಮ ಪಂಚಾಯಿತಿ ಸದಸ್ಯರ ಸಭೆಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)



ಕಥೆಗಾರರೊಬ್ಬರ ಹೆಸರಾಗಿ ನಾಡಿಗೆಲ್ಲ ಪರಿಚಿತವಾದ ಊರು ಮಾಸ್ತಿ. ಇಲ್ಲಿ ನಿಂತು ಸಾಹಿತ್ಯವನ್ನು ಬಿಟ್ಟು ಚರಂಡಿ, ದೀಪ, ಕಸಗಳ ವಿಷಯ ಮಾತನಾಡುವುದಕ್ಕೆ ಕ್ಷಮೆಯಿರಲಿ. ಹೋಬಳಿ ಕೇಂದ್ರವಾದ ಯಾವ ಊರನ್ನೇ ನೋಡಿ, ಅದರ ಜೀವ ಇರುವುದು ಬಸ್ ನಿಲ್ದಾಣದ ಸುತ್ತಲಿನ ಅಂಗಡಿ ಬೀದಿಯಲ್ಲಿ. ಸುತ್ತಲ ಹಳ್ಳಿಗಳ ಜನ ಗೊಬ್ಬರಕ್ಕೆ, ಔಷಧಿಗೆ, ಬಟ್ಟೆಗೆ ಬರುವುದು ಅಲ್ಲಿಗೆ. ಆದರೆ ಅತಿ ಹೆಚ್ಚು ಕಸ ಬೀಳುವುದೂ, ಮಳೆ ಬಂದರೆ ಮೊದಲು ನೀರು ನಿಲ್ಲುವುದೂ ಅಲ್ಲಿಯೇ. ಪ್ರತಿಯೊಂದು ಅಂಗಡಿಯವರೂ ತಮ್ಮ ಮುಂದಿನ ಚರಂಡಿಗೆ ಚಪ್ಪಡಿ ಹಾಸಿಕೊಳ್ಳುತ್ತಾರೆ. ಹೂಳೆತ್ತಲು ದಾರಿಯೇ ಉಳಿಯುವುದಿಲ್ಲ. ನೀರು ನುಗ್ಗಿದಾಗ ಎಲ್ಲರ ಬೆರಳೂ ಪಂಚಾಯಿತಿಯ ಕಡೆಗೆ ತಿರುಗುತ್ತದೆ.

ಈ ಸಮಸ್ಯೆಗೆ ನಗರಗಳು ಕಂಡುಕೊಂಡ ಒಂದು ಉಪಾಯಕ್ಕೆ ವ್ಯಾಪಾರ ಸುಧಾರಣಾ ವಲಯವೆಂದು ಹೆಸರು. ಕೆನಡಾ ದೇಶದ ಟೊರಾಂಟೊ ನಗರದಲ್ಲಿ 1970ರಲ್ಲಿ ಇದು ಮೊದಲು ಆರಂಭವಾಯಿತು. ಹೊಸ ಮಾಲ್‌ಗಳೂ ನೆಲದಡಿಯ ರೈಲೂ ಬ್ಲೂರ್ ಬೀದಿಯ ಗಿರಾಕಿಗಳನ್ನು ಸೆಳೆದುಕೊಂಡಾಗ, ಅಲ್ಲಿನ ವರ್ತಕರು ಬೀದಿಯ ಅಂದಕ್ಕೂ ಅನುಕೂಲಕ್ಕೂ ತಾವೇ ಹಣ ಹಾಕಲು ಮುಂದಾದರು. ಸ್ವಇಚ್ಛೆಯ ವಂತಿಗೆಯಾದರೆ ಕೆಲವರು ಕೊಡುತ್ತಾರೆ, ಉಳಿದವರು ಕೊಡದೆಯೇ ಫಲ ಉಣ್ಣುತ್ತಾರೆ. ಆದ್ದರಿಂದ ವಲಯದೊಳಗಿನ ಎಲ್ಲ ವರ್ತಕರಿಗೂ ಅನ್ವಯಿಸುವ ಕಡ್ಡಾಯ ವಂತಿಗೆಗೆ ಕಾನೂನಿನ ಬಲ ದೊರೆಯಿತು. ಹಣ ಆ ಬೀದಿಗೇ ವೆಚ್ಚವಾಗಬೇಕೆಂಬುದು ಅದರ ಮೂಲ ನಿಯಮ.

ಇಂಗ್ಲೆಂಡ್ 2003ರ ಕಾಯ್ದೆಯಲ್ಲಿ ಇನ್ನೊಂದು ಎಚ್ಚರ ವಹಿಸಿತು. ವಲಯ ರಚನೆಗೆ ವರ್ತಕರ ಮತದಾನ ನಡೆಯಬೇಕು; ಮತಗಳ ಸಂಖ್ಯೆಯಲ್ಲಿಯೂ ಬಹುಮತ ಬೇಕು, ಆಸ್ತಿಯ ತೆರಿಗೆ ಮೌಲ್ಯದಲ್ಲಿಯೂ ಬಹುಮತ ಬೇಕು. ದೊಡ್ಡ ಅಂಗಡಿಗಳು ಚಿಕ್ಕವರ ಮೇಲೆ ಹೇರುವಂತಿಲ್ಲ, ಚಿಕ್ಕವರು ದೊಡ್ಡವರ ಮೇಲೆ ಹೇರುವಂತಿಲ್ಲ. ಹೆಚ್ಚೆಂದರೆ ಐದು ವರ್ಷ. ಮುಂದುವರಿಯಬೇಕಾದರೆ ಮತ್ತೆ ಮತದಾನ.

ನಮ್ಮ ರಾಜ್ಯದಲ್ಲಿ ಇದಕ್ಕೆ ಸಮೀಪವಾದ ಉದಾಹರಣೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಿಟಿ. ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಕಟ್ಟಿದ ಈ ಪ್ರದೇಶದ ನಿರ್ವಹಣೆಯನ್ನು 1997ರಲ್ಲಿ ಅಲ್ಲಿನ ಕೈಗಾರಿಕೆಗಳ ಸಂಘ ವಹಿಸಿಕೊಂಡಿತು. 2013ರಲ್ಲಿ ಅದು ಕೈಗಾರಿಕಾ ಪಟ್ಟಣ ಪ್ರಾಧಿಕಾರವಾಯಿತು. ಸಂವಿಧಾನದ 243ಕ್ಯೂ ಅನುಚ್ಛೇದ ಇಂತಹ ಪಟ್ಟಣಗಳಿಗೆ ಅವಕಾಶ ನೀಡುತ್ತದೆ. ಆಸ್ತಿ ತೆರಿಗೆಯನ್ನು ಪ್ರಾಧಿಕಾರವೇ ವಸೂಲು ಮಾಡಿ ರಸ್ತೆ, ದೀಪ, ಕಸ ವಿಲೇವಾರಿಗೆ ವಿನಿಯೋಗಿಸುತ್ತದೆ. ಅಲ್ಲಿನ ರಸ್ತೆಗಳ ಅಚ್ಚುಕಟ್ಟನ್ನು ಮೆಚ್ಚಲೇಬೇಕು. ಆದರೆ ಅದು ಜನರ ಮತದಿಂದ ಆಯ್ಕೆಯಾದ ಮಂಡಳಿಯಲ್ಲ, ನೇಮಕಗೊಂಡ ಪ್ರಾಧಿಕಾರ. ತೆರಿಗೆಯ ಅಧಿಕಾರ ಗ್ರಾಮ ಪಂಚಾಯಿತಿಯ ಕೈಯಿಂದ ಅತ್ತ ಹೋಯಿತು. ಮಾಲೂರು, ನರಸಾಪುರ, ವೇಮಗಲ್‌ಗಳಲ್ಲಿ ಕೈಗಾರಿಕಾ ಪ್ರದೇಶಗಳು ಬೆಳೆಯುತ್ತಿರುವ ನಮ್ಮ ಜಿಲ್ಲೆಯ ಸದಸ್ಯರು ಇದನ್ನು ಗಮನದಲ್ಲಿಡಬೇಕು. ಹಣ ಕೊಟ್ಟವರಿಗೆ ಮಾತ್ರ ಮಾತಿನ ಹಕ್ಕು ಎಂದಾದರೆ, ಸುತ್ತಲಿನ ಹಳ್ಳಿಯವರ ಪಾಡೇನು?

ಈ ಪ್ರಶ್ನೆಯನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಹಿಂದೆ ನಾನು ಕೆಲಸ ಮಾಡಿದ ಒಂದು ಪಂಚಾಯಿತಿಯಲ್ಲಿ ಅಂಗಡಿ ಬೀದಿಗೆ ಚರಂಡಿ ಮಾಡಿಸಿದೆವು. ಇಂಜಿನಿಯರಿಂಗ್ ಓದಿದವನೆಂಬ ಹೆಮ್ಮೆ ನನಗೆ. ಇಳಿಜಾರು, ಅಳತೆ, ಅಂದಾಜುಪಟ್ಟಿ ಎಲ್ಲವೂ ಸರಿಯಾಗಿದ್ದವು. ಅಂಗಡಿ ಮಾಲೀಕರನ್ನು ಕರೆದು ಚರ್ಚಿಸಿದ್ದೆ. ಕೆಲಸ ಮುಗಿದ ಮೇಲೆ ನೋಡಿದರೆ, ಚರಂಡಿಯ ಅಂಚಿನಲ್ಲಿ ಹೂವು, ಸೊಪ್ಪು ಮಾರುತ್ತಿದ್ದ ಹೆಣ್ಣುಮಕ್ಕಳಿಗೆ ಬುಟ್ಟಿ ಇಡಲು ಸ್ಥಳವೇ ಇರಲಿಲ್ಲ. ನಕ್ಷೆಯಲ್ಲಿ ಅವರಿರಲಿಲ್ಲ, ಸಭೆಗೂ ನಾನು ಕರೆದಿರಲಿಲ್ಲ. "ಸ್ವಾಮಿ, ಸಂತೆ ಸುಂಕಕ್ಕೆ ನಮ್ಮ ನೆನಪಿರುತ್ತೆ, ಜಾಗಕ್ಕೆ ಮಾತ್ರ ಇರಲ್ಲವಾ?" ಎಂದು ಒಬ್ಬಾಕೆ ಕೇಳಿದ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಆಕೆಯ ಪ್ರಶ್ನೆಯಲ್ಲಿಯೇ ನಮ್ಮ ದಾರಿಯೂ ಇದೆ. 1993ರ ನಮ್ಮ ಪಂಚಾಯತ್ ರಾಜ್ ಅಧಿನಿಯಮದಲ್ಲಿ ಇಂತಹ ವಲಯಕ್ಕೆ ಪ್ರತ್ಯೇಕ ಅವಕಾಶವಿಲ್ಲ. ಆದ್ದರಿಂದ ಹೊಸ ಕಡ್ಡಾಯ ವಂತಿಗೆಯನ್ನು ನಾವು ವಿಧಿಸಲಾಗದು. ಆದರೆ 199ನೇ ಪ್ರಕರಣದ ಮೇರೆಗೆ ಕಟ್ಟಡ ತೆರಿಗೆ, ಮಾರುಕಟ್ಟೆ ಶುಲ್ಕ, ಬಸ್ ನಿಲ್ದಾಣ ಶುಲ್ಕಗಳು ನಮ್ಮ ಕೈಯಲ್ಲಿವೆ. ಸಂತೆ ಸುಂಕದ ವಸೂಲಿಯನ್ನು ಹರಾಜು ಹಾಕುತ್ತೇವೆ. ಆ ಹಣದಲ್ಲಿ ಸಂತೆ ಮೈದಾನಕ್ಕೂ ಅಂಗಡಿ ಬೀದಿಗೂ ಮರಳಿ ಬರುವುದು ಎಷ್ಟು? ತಮ್ಮ ಪಂಚಾಯಿತಿಯ ಲೆಕ್ಕವನ್ನು ತೆರೆದು ನೋಡಬೇಕೆಂದು ಕೋರುತ್ತೇನೆ.

ಆದ್ದರಿಂದ ನನ್ನ ಸಲಹೆಗಳು ಇಷ್ಟು:

1. ಸಂತೆ ಹರಾಜು ಮತ್ತು ಬಸ್ ನಿಲ್ದಾಣ ಶುಲ್ಕದ ಒಂದು ನಿಶ್ಚಿತ ಪಾಲನ್ನು ಆ ಬೀದಿಗೇ ಬಳಸುವಂತೆ ಆಯವ್ಯಯದಲ್ಲಿ ನಿರ್ಣಯಿಸುವುದು.

2. ಅದರ ಜೊತೆಗೆ ವರ್ತಕರಿಂದ ಸ್ವಇಚ್ಛೆಯ ವಂತಿಗೆ ಪಡೆಯುವುದು. ಉದಾಹರಣೆಗೆ, 80 ಅಂಗಡಿಗಳು ತಿಂಗಳಿಗೆ ತಲಾ 100 ರೂಪಾಯಿ ಕೊಟ್ಟರೆ ವರ್ಷಕ್ಕೆ 96,000 ರೂಪಾಯಿ. ಇದರಲ್ಲಿ ಹೊಸ ಚರಂಡಿ ಆಗದು. ಆದರೆ ಹೂಳೆತ್ತಿಸಬಹುದು, ಕೆಟ್ಟ ದೀಪ ಬದಲಿಸಬಹುದು. ಹಣ ಪಂಚಾಯಿತಿಯ ಖಾತೆಗೆ, ರಶೀದಿಯ ಮೂಲಕವೇ ಬರಬೇಕು. ಯಾರ ಜೇಬಿನ ಮೂಲಕವೂ ಅಲ್ಲ.

3. ಬೀದಿಗೊಂದು ಸಮಿತಿ. ನಗರಗಳಿಗೆ ಅನ್ವಯಿಸುವ 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯು ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ ಶೇಕಡ 40ರಷ್ಟು ಸ್ಥಾನಗಳನ್ನು ವ್ಯಾಪಾರಿಗಳಿಗೇ, ಅದರಲ್ಲಿ ಮೂರನೇ ಒಂದು ಭಾಗವನ್ನು ಮಹಿಳೆಯರಿಗೆ ಮೀಸಲಿಟ್ಟಿದೆ. ಕಾಯ್ದೆ ನಮಗೆ ಅನ್ವಯಿಸದಿದ್ದರೂ ಅದರ ನ್ಯಾಯ ಅನ್ವಯಿಸುತ್ತದೆ. ವಂತಿಗೆ ಕೊಡಲಾಗದ ಬುಟ್ಟಿಯವರಿಗೂ ಸಮಿತಿಯಲ್ಲಿ ಸ್ಥಾನವಿರಲಿ.

4. ಕಸ ಸಂಗ್ರಹದ ವಾಹನವನ್ನು ನಡೆಸುತ್ತಿರುವ ಸಂಜೀವಿನಿ ಒಕ್ಕೂಟದ ಸದಸ್ಯೆಯರನ್ನು ಸಮಿತಿಗೆ ಸೇರಿಸಿಕೊಳ್ಳುವುದು. ಯಾವ ಅಂಗಡಿಯ ಕಸ ಎಲ್ಲಿ ಬೀಳುತ್ತದೆಂಬುದು ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿಲ್ಲ.

5. ಜಮಾ-ಖರ್ಚನ್ನು ಬಸ್ ನಿಲ್ದಾಣದ ಫಲಕದಲ್ಲಿ ಪ್ರತಿ ತಿಂಗಳು ಬರೆಯುವುದು. ಮೂರು ವರ್ಷಗಳ ನಂತರ ಗ್ರಾಮ ಸಭೆ ಒಪ್ಪಿದರೆ ಮಾತ್ರ ಮುಂದುವರಿಸುವುದು.

ಮಾನ್ಯರೇ, ಬೀದಿಯನ್ನು ಸುಧಾರಿಸುವುದೆಂದರೆ ಅದರಲ್ಲಿ ಬದುಕುವವರನ್ನು ತೆರವು ಮಾಡುವುದಲ್ಲ. ವರ್ತಕರ ಹಣ ಬರಲಿ, ಶ್ರದ್ಧೆಯೂ ಬರಲಿ. ತೀರ್ಮಾನದ ಅಧಿಕಾರ ಮಾತ್ರ ಜನರು ಆರಿಸಿದ ತಮ್ಮಲ್ಲಿಯೇ ಉಳಿಯಲಿ. ಮುಂದಿನ ಗ್ರಾಮ ಸಭೆಯ ಕಾರ್ಯಸೂಚಿಯಲ್ಲಿ ಅಂಗಡಿ ಬೀದಿ ಒಂದು ವಿಷಯವಾಗಿರಲಿ. ಅದಕ್ಕೂ ಮೊದಲು ಒಂದು ಬೆಳಿಗ್ಗೆ ಆ ಬೀದಿಯ ಉದ್ದಕ್ಕೂ ನಡೆದು, ಬುಟ್ಟಿ ಇಟ್ಟು ಕೂತವರನ್ನು ಎಣಿಸಿ ಬರೋಣ. ಈ ಸಲ ನಕ್ಷೆಯಲ್ಲಿ ಅವರೂ ಇರಲಿ.