ದೇಹದ ಹಕ್ಕು ಮತ್ತು ಮನೆಯ ಹೊಸ್ತಿಲು

(ಭಾರತೀನಗರದಲ್ಲಿ ಜರಗಿದ ಕುಟುಂಬ ಸಭೆಯಲ್ಲಿ ನೀಡಿದ ಭಾಷಣದ ಲಿಖಿತ ರೂಪ)



ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಬಸ್ಸನ್ನು ನಾವೆಲ್ಲರೂ ಇದೇ ಭಾರತೀನಗರದಲ್ಲಿ ಹತ್ತಿದವರು. ಚಾಲಕ ಆಸನದಲ್ಲಿ ಕುಳಿತೇ ಇರುತ್ತಾನೆ. ನಿರ್ವಾಹಕ ಟಿಕೆಟ್ ಕೊಡುತ್ತಾ ಹಿಂದೆ ಮುಂದೆ ಓಡಾಡುತ್ತಿರುತ್ತಾನೆ. ಈ ಸಣ್ಣ ವ್ಯತ್ಯಾಸದಲ್ಲಿ ಆರೋಗ್ಯದ ದೊಡ್ಡ ಪಾಠವೊಂದನ್ನು ಕಂಡವರು ಬ್ರಿಟನ್ನಿನ ವೈದ್ಯ ಸಂಶೋಧಕ ಜೆರ್ರಿ ಮಾರಿಸ್.

ಅವರು ಮತ್ತು ಅವರ ಸಂಗಡಿಗರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಅಧ್ಯಯನ ಮಾಡಿ, 1953ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ದಿನವಿಡೀ ಮೆಟ್ಟಿಲು ಹತ್ತಿಳಿಯುತ್ತಿದ್ದ ನಿರ್ವಾಹಕರಿಗಿಂತ ಕುಳಿತೇ ದುಡಿಯುವ ಚಾಲಕರಲ್ಲಿ ಹೃದ್ರೋಗ ಹೆಚ್ಚಾಗಿತ್ತು. ಅಂಚೆ ಹಂಚುವವರನ್ನು ಮೇಜಿನ ಮುಂದೆ ಕುಳಿತ ಗುಮಾಸ್ತರೊಂದಿಗೆ ಹೋಲಿಸಿದಾಗಲೂ ಇದೇ ಚಿತ್ರ ಕಂಡಿತು. ಚಾಲಕರು ಮೊದಲೇ ದಪ್ಪಗಿದ್ದುದು ಇದಕ್ಕೆ ಕಾರಣವೇ ಎಂಬ ಸಂದೇಹವೂ ಎದ್ದಿತು. ಮಾರಿಸ್ ಅದನ್ನು ತಳ್ಳಿಹಾಕಲಿಲ್ಲ. ನೌಕರರ ಸಮವಸ್ತ್ರದ ಸೊಂಟದಳತೆಯನ್ನೂ ಪರಿಶೀಲಿಸಿ 1956ರಲ್ಲಿ ಮತ್ತೆ ಬರೆದರು. ಸತ್ಯಶೋಧನೆಯ ಪ್ರಾಮಾಣಿಕತೆಯೆಂದರೆ ಇದು.

ಈಗ ನಮ್ಮ ದೇಶದ ಸ್ಥಿತಿ ನೋಡೋಣ. ವಾರಕ್ಕೆ ಕನಿಷ್ಠ 150 ನಿಮಿಷಗಳ ಚುರುಕಾದ ನಡಿಗೆಯಷ್ಟು ಚಟುವಟಿಕೆ ವಯಸ್ಕರಿಗೆ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. 2024ರಲ್ಲಿ 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಪ್ರಕಟಿಸಿದ ಅಧ್ಯಯನದ ಪ್ರಕಾರ, 2022ರಲ್ಲಿ ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಇಷ್ಟೂ ಸಾಧ್ಯವಾಗಿರಲಿಲ್ಲ. ಪುರುಷರಲ್ಲಿ ಈ ಪ್ರಮಾಣ ಶೇ. 42, ಮಹಿಳೆಯರಲ್ಲಿ ಶೇ. 57.

ಈ ಅಂತರವೇಕೆ? ಸುತ್ತಲಿನ ಗದ್ದೆಗಳಲ್ಲಿ ಕಬ್ಬು ಕಡಿಯುವ ಸಹೋದರಿಗೆ ನಡಿಗೆಯ ಉಪದೇಶ ಮಾಡುವುದು ಅನ್ಯಾಯ. ಆಕೆಗೆ ಬೇಕಾಗಿರುವುದು ವಿಶ್ರಾಂತಿ ಮತ್ತು ನ್ಯಾಯವಾದ ಕೂಲಿ. ನಮ್ಮ ಮಾತು ಪೇಟೆಯ ಮನೆಗಳ ಕುರಿತು. ರುಬ್ಬುವ ಕಲ್ಲು ಹೋಗಿ ಮಿಕ್ಸಿ ಬಂತು, ನೀರು ಸೇದುವ ಬಾವಿ ಹೋಗಿ ನಲ್ಲಿ ಬಂತು. ಹೆಣ್ಣುಮಕ್ಕಳ ದಣಿವು ತಗ್ಗಿದ್ದು ಒಳ್ಳೆಯದೇ. ಆದರೆ ಹೊಸ್ತಿಲು ಮಾತ್ರ ಇದ್ದಲ್ಲೇ ಇದೆ. ಸಕ್ಕರೆ ಕಾಯಿಲೆಯ ಅಮ್ಮಿಗೆ ವೈದ್ಯರು ದಿನಕ್ಕೆ ಅರ್ಧ ಗಂಟೆ ನಡೆಯಿರಿ ಎಂದು ಬರೆದುಕೊಟ್ಟರೆ, "ಮೊಹಲ್ಲಾದವರು ಏನೆಂದಾರು?" ಎಂದು ಮಗನೇ ತಡೆಯುತ್ತಾನೆ. ಅದೇ ಮಗ ಮುಂದೆ ಆಸ್ಪತ್ರೆಯ ಬಿಲ್ಲಿಗಾಗಿ ಸಾಲ ಮಾಡುತ್ತಾನೆ.

ಇದು ಧರ್ಮವೇ? ಖಂಡಿತ ಅಲ್ಲ, ಇದು ಕೇವಲ ರೂಢಿ. ದೇಹಕ್ಕೂ ನಮ್ಮ ಮೇಲೆ ಹಕ್ಕಿದೆಯೆಂದು ಪ್ರವಾದಿ(ಸ) ಕಲಿಸಿದ್ದಾರೆ. ಅವರು ಪತ್ನಿ ಆಯಿಶಾ(ರ)ರೊಂದಿಗೆ ಓಟದ ಪಂದ್ಯವಾಡಿದ್ದರು. ಒಮ್ಮೆ ಆಯಿಶಾ(ರ) ಗೆದ್ದರು, ಇನ್ನೊಮ್ಮೆ ಪ್ರವಾದಿ(ಸ) ಗೆದ್ದರು. ಸಫಾ ಮತ್ತು ಮರ್ವಾ ಬೆಟ್ಟಗಳ ನಡುವೆ ಹಜ್ ಯಾತ್ರಿಕರು ಏಳು ಬಾರಿ ನಡೆಯುವುದು ಯಾರ ನೆನಪಿಗಾಗಿ? ಮಗುವಿಗೆ ನೀರು ಹುಡುಕುತ್ತಾ ಓಡಿದ ತಾಯಿ ಹಾಜರಾರ ನೆನಪಿಗಾಗಿ. ಒಬ್ಬ ಸ್ತ್ರೀಯ ಓಟವನ್ನು ಆರಾಧನೆಯ ಭಾಗವಾಗಿಸಿದ ಧರ್ಮದ ಹೆಸರಿನಲ್ಲಿ ಸ್ತ್ರೀಯ ನಡಿಗೆಯನ್ನು ತಡೆಯುವುದು ಎಂತಹ ವಿಪರ್ಯಾಸ!

"ಐದು ಹೊತ್ತು ನಮಾಝ್ ಮಾಡುತ್ತೇವೆ, ಅದೇ ಸಾಕು" ಎನ್ನುವವರಿದ್ದಾರೆ. ನಮಾಝ್ ಆರಾಧನೆ, ಅದನ್ನು ವ್ಯಾಯಾಮದ ಲೆಕ್ಕಕ್ಕೆ ಇಳಿಸುವುದು ಬೇಡ. ಬೈಕ್ ಬಿಟ್ಟು ಮಸೀದಿಗೆ ನಡೆದು ಹೋಗುವ ಅಭ್ಯಾಸವನ್ನಾದರೂ ಪುರುಷರು ಮಾಡಿಕೊಳ್ಳಲಿ. ನಡಿಗೆಯಿಂದ ಮನಸ್ಸಿನ ಆತಂಕ, ಖಿನ್ನತೆಗಳೂ ತಗ್ಗುತ್ತವೆ ಎಂಬುದನ್ನು ಮರೆಯಬಾರದು. ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಆರಂಭಿಸಲಿ.

ಹೊಣೆ ಕುಟುಂಬಗಳದ್ದು ಮಾತ್ರವಲ್ಲ. ಕಬ್ಬು ಅರೆಯುವ ಕಾಲದಲ್ಲಿ ಲಾರಿ, ಟ್ರ್ಯಾಕ್ಟರುಗಳ ನಡುವೆ ಪಾದಚಾರಿಗೆ ಜಾಗವೆಲ್ಲಿದೆ? ಕಾಲುದಾರಿ ಮತ್ತು ಬೀದಿದೀಪಗಳನ್ನು ಆಡಳಿತಗಾರರಿಂದ ಕೇಳಿ ಪಡೆಯುವುದು ನಾಗರಿಕರ ಹಕ್ಕು. ಎಷ್ಟೋ ಊರುಗಳಲ್ಲಿ ಈದ್‌ಗಾಹ್ ಮೈದಾನಗಳು ವರ್ಷಕ್ಕೆರಡು ದಿನ ತುಂಬಿ, ಉಳಿದ ದಿನ ಬೀಗ ಹಾಕಿಕೊಂಡಿರುತ್ತವೆ. ಜಮಾಅತಿನ ಹಿರಿಯರು ದಿನಕ್ಕೆ ಒಂದು ಗಂಟೆ ಅವನ್ನು ಮಹಿಳೆಯರ ನಡಿಗೆಗೆ ತೆರೆದಿಡಬಾರದೇಕೆ?

ಸಹೋದರರೇ, ನಾಳೆ ಫಜ್ರ್ ನಮಾಝ್ ಮುಗಿದ ಮೇಲೆ ತಾಯಿಯನ್ನೋ ಪತ್ನಿಯನ್ನೋ ಜೊತೆಗೆ ಕರೆದುಕೊಂಡು ಹೊರಡಿ. ಮೊಹಲ್ಲಾದವರು ಒಂದು ವಾರ ನೋಡಿಯಾರು. ಎರಡನೆಯ ವಾರ ಅವರೂ ಜೊತೆಗೂಡಬಹುದು. ದೇಹವು ಅಲ್ಲಾಹನು ನಮಗೆ ಒಪ್ಪಿಸಿದ ಅಮಾನತ್. ಅದನ್ನು ಜೋಪಾನ ಮಾಡುವ ತೌಫೀಕನ್ನು ಅವನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.