ಹಳೆಯ ಯಂತ್ರ ಹೋಗಿ ಹೊಸದು ಬರುವಾಗ: ಉಸಿರಿನ ಯಂತ್ರ ಆರಿಸುವ ಕುಟುಂಬಗಳಿಗೆ ಕೆಲವು ಮಾತು

(ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣೆಯ ಸಂದರ್ಭದಲ್ಲಿ ಟ್ರಸ್ಟಿನ ವತಿಯಿಂದ ಮಾಡಿದ ಭಾಷಣ)

ಬಿಸ್ಮಿಲ್ಲಾಹಿರ್ರಹ್ಮಾನಿರ್ರಹೀಮ್.



ವೇದಿಕೆಯ ಮೇಲಿರುವ ಹಿರಿಯರೇ, ನಮ್ಮ ಕೈ ಬಲಪಡಿಸಿದ ದಾನಿಗಳೇ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಿಂದ ಬಂದಿರುವ ಪಾಲಕರೇ, ತಾಯಂದಿರೇ, ಪ್ರೀತಿಯ ವಿದ್ಯಾರ್ಥಿಗಳೇ,

ಫೀಸು, ಪುಸ್ತಕ, ಹಾಸ್ಟೆಲ್ಲು ಎಂದು ಮಾತನಾಡಬೇಕಾದ ಸಭೆಯಲ್ಲಿ ಉಸಿರಿನ ಯಂತ್ರದ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಕಾರಣವಿದೆ. ನಮ್ಮ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಮನೆಯ ವೈದ್ಯಕೀಯ ಖರ್ಚು ಬರೆಯುವ ಕಲಂ ಒಂದಿದೆ. ಅಲ್ಲಿ ಸಕ್ಕರೆ ಕಾಯಿಲೆ, ಬಿ.ಪಿ., ಡಯಾಲಿಸಿಸ್ ಜೊತೆಗೆ ಈಗ "ರಾತ್ರಿ ಹಾಕಿಕೊಳ್ಳುವ ಮಿಷಿನ್" ಎಂಬ ಮಾತೂ ಬರುತ್ತಿದೆ. ಆ ಯಂತ್ರ ಕೆಟ್ಟರೆ ಒಮ್ಮೆಗೇ ಮೂವತ್ತು, ಐವತ್ತು ಸಾವಿರ ಹೊಂದಿಸಬೇಕು. ಮನೆಯಲ್ಲಿ ಅಷ್ಟು ಹಣ ಒಟ್ಟಿಗೆ ಇರುವುದು ಮಗನ ಕಾಲೇಜಿಗೆಂದು ತೆಗೆದಿಟ್ಟಲ್ಲಿ ಮಾತ್ರ. ಹೀಗಾಗಿ ಅಬ್ಬಾನ ಉಸಿರೋ, ಮಗನ ಸೆಮಿಸ್ಟರೋ ಎಂಬ ಪ್ರಶ್ನೆ ಎದುರು ನಿಲ್ಲುತ್ತದೆ. ಅವಸರದಲ್ಲಿ ತಪ್ಪು ಯಂತ್ರ ಕೊಂಡರೆ ಎರಡೂ ಕೈತಪ್ಪುತ್ತವೆ. ಆದ್ದರಿಂದ ಹಳೆಯ ಯಂತ್ರದ ಬದಲಿಗೆ ಹೊಸದನ್ನು ಆರಿಸುವ ಬಗೆಯನ್ನು ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇವೆ.

ಮೊದಲು ಕಾಯಿಲೆ ಏನೆಂದು ಚಿಕ್ಕದಾಗಿ ಹೇಳುತ್ತೇವೆ. ನಿದ್ರೆ ಹತ್ತಿದಾಗ ಗಂಟಲಿನ ಸ್ನಾಯುಗಳು ಸಡಿಲಾಗುತ್ತವೆ. ಕೆಲವರಲ್ಲಿ ಉಸಿರಿನ ದಾರಿಯೇ ಮುಚ್ಚಿಕೊಳ್ಳುತ್ತದೆ. ಹತ್ತು ಸೆಕೆಂಡು, ಕೆಲವೊಮ್ಮೆ ಅರ್ಧ ನಿಮಿಷ ಉಸಿರು ನಿಲ್ಲುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಎಚ್ಚರಿಸುತ್ತದೆ, ದೊಡ್ಡ ಗೊರಕೆಯೊಂದಿಗೆ ಉಸಿರು ಮರಳುತ್ತದೆ. ಇದಕ್ಕೆ ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ಗಂಟೆಗೆ 5ಕ್ಕಿಂತ ಕಡಿಮೆ ಸಲ ಹೀಗಾದರೆ ಅದು ಸಾಮಾನ್ಯ. 15 ದಾಟಿದರೆ ಮಧ್ಯಮ, 30 ದಾಟಿದರೆ ತೀವ್ರ. ಎಲ್ಲ ಗೊರಕೆಯೂ ಈ ಕಾಯಿಲೆಯಲ್ಲ. ಆದರೆ ಗೊರಕೆಯ ನಡುವೆ ಉಸಿರು ನಿಂತಂತಾಗುವುದು, ಬೆಳಗ್ಗೆ ತಲೆನೋವು, ಹಗಲು ಕೂತಲ್ಲೇ ತೂಕಡಿಕೆ ಇದ್ದರೆ ತೋರಿಸಿಕೊಳ್ಳಲೇಬೇಕು. ಚಿಕಿತ್ಸೆ ಇಲ್ಲದಿದ್ದರೆ ಬಿ.ಪಿ. ಹತೋಟಿಗೆ ಬರುವುದಿಲ್ಲ, ಹೃದಯಕ್ಕೂ ಹೊರೆ. 2022ರ ಫೆಬ್ರವರಿಯಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಹಿರಿ ಮುಂಬೈಯಲ್ಲಿ ತೀರಿಕೊಂಡಾಗ ವೈದ್ಯರು ಹೇಳಿದ ಕಾರಣಗಳಲ್ಲಿ ಈ ಕಾಯಿಲೆಯ ಹೆಸರೂ ಇತ್ತು. ನಮ್ಮ ಕಡೆ ಇನ್ನೊಂದು ಅಪಾಯವಿದೆ. ಲಾರಿ, ಬಸ್ಸು, ಟ್ಯಾಕ್ಸಿ ಓಡಿಸಿ ಮನೆ ನಡೆಸುವವರು ನಮ್ಮಲ್ಲಿ ಬಹಳ ಜನ. ಕೂಡ್ಲಿಗಿ ಮೇಲೆ ಹಾದುಹೋಗುವ 50ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ನಸುಕಿನ ಹೊತ್ತು ಚಾಲಕ ಒಂದು ಗಳಿಗೆ ಕಣ್ಣು ಮುಚ್ಚಿದರೆ ಏನಾಗುತ್ತದೆ ಎಂದು ನಾವು ಹೇಳಬೇಕಿಲ್ಲ.

ಸಿಪ್ಯಾಪ್ ಎಂಬ ಯಂತ್ರವನ್ನು 1981ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು ಲೋಕಕ್ಕೆ ಪರಿಚಯಿಸಿದರು. ಇದು ಆಕ್ಸಿಜನ್ ಯಂತ್ರವಲ್ಲ. ಕೋಣೆಯ ಗಾಳಿಯನ್ನೇ ಒತ್ತಡದಲ್ಲಿ ಮೂಗಿಗೆ ಕಳಿಸಿ ಗಂಟಲಿನ ದಾರಿ ಮುಚ್ಚದಂತೆ ಹಿಡಿದಿಡುತ್ತದೆ, ಅಷ್ಟೇ. ಆದರೆ ಪ್ರತಿ ರಾತ್ರಿ ಹಾಕಿಕೊಂಡರೆ ಮಾತ್ರ ಗುಣ.

ಈಗ ಬದಲಿ ಯಂತ್ರದ ವಿಷಯ. ಯಂತ್ರ ನಿಜವಾಗಿ ಕೆಟ್ಟಿದೆಯೇ ಎಂದು ಮೊದಲು ನೋಡಿ. ಗೊರಕೆ ಮತ್ತೆ ಶುರುವಾಯಿತು, ಹಗಲು ನಿದ್ರೆ ಬರುತ್ತಿದೆ ಎಂದ ಕೂಡಲೇ ಯಂತ್ರದ ಮೇಲೆ ದೂರು ಹಾಕುತ್ತೇವೆ. ಬಹಳ ಸಲ ತಪ್ಪು ಮಾಸ್ಕಿನ ಮೆತ್ತೆಯದು. ಅದು ಸವೆದು ಗಾಳಿ ಸೋರುತ್ತಿರುತ್ತದೆ. ಇಲ್ಲವೇ ಟ್ಯೂಬಿನಲ್ಲಿ ಸಣ್ಣ ತೂತು, ಇಲ್ಲವೇ ಧೂಳು ತುಂಬಿದ ಫಿಲ್ಟರ್. ಇವೆಲ್ಲ ಯಂತ್ರದ ಬೆಲೆಗೆ ಹೋಲಿಸಿದರೆ ಸಣ್ಣ ಖರ್ಚು. ಯಂತ್ರದ ಸದ್ದು ಬದಲಾದರೆ, ಸುಟ್ಟ ವಾಸನೆ ಬಂದರೆ, ಒಳಗಿಂದ ಕಪ್ಪು ಪುಡಿ ಬಂದರೆ, ತಾನಾಗಿ ನಿಂತು ನಿಂತು ನಡೆದರೆ ಬದಲಿಸುವ ಕಾಲ ಬಂದಿದೆ ಎಂದು ತಿಳಿಯಿರಿ. ರಾತ್ರಿಗೆ 8 ಗಂಟೆಯಂತೆ ಐದು ವರ್ಷ ನಡೆದ ಯಂತ್ರ ಹದಿನಾಲ್ಕು ಸಾವಿರ ಗಂಟೆ ದಾಟಿರುತ್ತದೆ. ಅಮೆರಿಕದ ಸರ್ಕಾರಿ ವಿಮೆ ಮೆಡಿಕೇರ್ ಕೂಡ ಯಂತ್ರದ ಬಾಳಿಕೆಯನ್ನು 5 ವರ್ಷವೆಂದೇ ಲೆಕ್ಕ ಹಿಡಿಯುತ್ತದೆ. ಹಾಗೆಂದು ಐದು ವರ್ಷ ತುಂಬಿದ ದಿನವೇ ಎಸೆಯಬೇಕಿಲ್ಲ. ಹಣ ಕೂಡಿಡಲು ಆರಂಭಿಸಬೇಕು.

ಎರಡನೆಯದು, ಯಂತ್ರಕ್ಕಿಂತ ಮೊದಲು ಕಾಗದ. ಇದನ್ನು ದಯವಿಟ್ಟು ನೆನಪಿನಲ್ಲಿಡಿ. ವೈದ್ಯರ ಚೀಟಿಯಲ್ಲಿ ಯಂತ್ರದ ಬಗೆ ಮತ್ತು ಒತ್ತಡ ಬರೆದಿರಬೇಕು. ಒತ್ತಡ ಸಾಮಾನ್ಯವಾಗಿ 4ರಿಂದ 20ರ ನಡುವೆ ಇರುತ್ತದೆ. ಒಂದೇ ಒತ್ತಡ ಕೊಡುವುದು ಸಾದಾ ಸಿಪ್ಯಾಪ್. ರಾತ್ರಿಯಲ್ಲಿ ಬೇಕಾದಂತೆ ತಾನೇ ಏರಿಸಿ ಇಳಿಸುವುದು ಆಟೋ. ಉಸಿರು ಎಳೆಯುವಾಗ ಒಂದು, ಬಿಡುವಾಗ ಒಂದು ಒತ್ತಡ ಕೊಡುವುದು ಬೈಪ್ಯಾಪ್. ಬೈಪ್ಯಾಪಿನ ಬೆಲೆ ಹೆಚ್ಚು, ಆದ್ದರಿಂದ ಗುಣವೂ ಹೆಚ್ಚು ಎಂದು ಭಾವಿಸಬೇಡಿ. ಎಎಸ್‌ವಿ ಎಂಬ ಇನ್ನೂ ದುಬಾರಿ ಬಗೆಯ ಯಂತ್ರವಿದೆ. ಹೃದಯದ ಪಂಪು ದುರ್ಬಲವಾಗಿದ್ದು, ಮೆದುಳಿನ ಸೂಚನೆ ತಪ್ಪಿ ಉಸಿರು ನಿಲ್ಲುವ ರೋಗಿಗಳಲ್ಲಿ ಅದು ಹೃದಯದ ಸಾವನ್ನು ಹೆಚ್ಚಿಸಿತೆಂದು 2015ರ ಸರ್ವ್-ಎಚ್‌ಎಫ್ ಅಧ್ಯಯನ ತೋರಿಸಿತು. ದುಬಾರಿ ಯಂತ್ರವೂ ತಪ್ಪು ಯಂತ್ರವಾಗಬಹುದು. ಹಳೆಯ ಚೀಟಿ ವರ್ಷಗಳ ಹಿಂದಿನದಾಗಿದ್ದರೆ, ತೂಕ ಬಹಳ ಏರಿ ಇಳಿದಿದ್ದರೆ, ನಡುವೆ ಹೃದಯದ ತೊಂದರೆ ಬಂದಿದ್ದರೆ ಮತ್ತೊಮ್ಮೆ ವೈದ್ಯರನ್ನು ಕಾಣಿ. ಹೋಗುವಾಗ ಹಳೆಯ ಯಂತ್ರವನ್ನೂ ಅದರ ಮೆಮೊರಿ ಕಾರ್ಡನ್ನೂ ಒಯ್ಯಿರಿ. ಎಷ್ಟು ಗಂಟೆ ಬಳಸಿದ್ದೀರಿ, ಎಷ್ಟು ಸಲ ಉಸಿರು ಕಟ್ಟಿದೆ, ಎಷ್ಟು ಗಾಳಿ ಸೋರಿದೆ ಎಂಬ ಲೆಕ್ಕ ಅದರಲ್ಲಿರುತ್ತದೆ.

ಮೂರನೆಯದು ಮಾಸ್ಕ್. ರಾತ್ರಿಯಿಡೀ ಮುಖದ ಮೇಲೆ ಇರುವುದು ಯಂತ್ರವಲ್ಲ, ಮಾಸ್ಕ್. ಮೂಗಿಗೆ ಮಾತ್ರ ಇರುವುದು, ಮೂಗಿನ ಹೊಳ್ಳೆಗೆ ಕೂರುವುದು, ಮೂಗು ಬಾಯಿ ಎರಡನ್ನೂ ಮುಚ್ಚುವುದು, ಹೀಗೆ ಬಗೆಗಳಿವೆ. ಗಡ್ಡವಿರುವ ನಮ್ಮ ಹಿರಿಯರಿಗೆ ದೊಡ್ಡ ಮಾಸ್ಕಿನಲ್ಲಿ ಗಾಳಿ ಸೋರುವುದು ಹೆಚ್ಚು. ಅಂಥವರು ಹೊಳ್ಳೆಗೆ ಕೂರುವ ಮಾಸ್ಕನ್ನು ಹಾಕಿ ನೋಡಬಹುದು. ಅಂಗಡಿಯಲ್ಲಿ ಕುಳಿತು ನೋಡಿದರೆ ಸಾಲದು, ಮಲಗಿ, ಗಾಳಿ ಬಿಟ್ಟು ನೋಡಿ. ಈಗಿನ ಮಾಸ್ಕ್ ಸರಿಯಾಗಿ ಕೂರುತ್ತಿದ್ದರೆ ಯಂತ್ರದ ಜೊತೆ ಅದನ್ನೂ ಬದಲಿಸಬೇಕಾಗಿಲ್ಲ. ಹೆಚ್ಚಿನ ಯಂತ್ರಗಳ ಸಾದಾ ಟ್ಯೂಬಿನ ಬಾಯಿ ಒಂದೇ ಅಳತೆಯದು. ಒಂದು ಎಚ್ಚರಿಕೆ: ಕೆಲವು ಮಾಸ್ಕಿನ ಪಟ್ಟಿಗಳಲ್ಲಿ ಅಯಸ್ಕಾಂತ ಇರುತ್ತದೆ. ಬಳಸುವವರಿಗಾಗಲಿ, ಪಕ್ಕದಲ್ಲಿ ಮಲಗುವವರಿಗಾಗಲಿ ಪೇಸ್‌ಮೇಕರ್ ಇದ್ದರೆ ಅಯಸ್ಕಾಂತವಿಲ್ಲದ ಮಾಸ್ಕನ್ನೇ ಕೇಳಿ.

ನಾಲ್ಕನೆಯದು, ರಿಪೇರಿಯ ದಾರಿ. ನಮ್ಮ ಐದೂ ತಾಲ್ಲೂಕುಗಳು ಈಗ ವಿಜಯನಗರ ಜಿಲ್ಲೆಯವು. ಆದರೆ ದೊಡ್ಡ ಆಸ್ಪತ್ರೆಗೆ ಹೋಗುವ ದಾರಿ ಬೇರೆ ಬೇರೆ. ಹರಪನಹಳ್ಳಿಯವರಿಗೆ ದಾವಣಗೆರೆ ಹತ್ತಿರ. ಹಡಗಲಿಯವರು ನದಿ ದಾಟಿ ಗದಗ, ಹುಬ್ಬಳ್ಳಿ ಕಡೆ ಹೋಗುತ್ತಾರೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಯವರು ಹೊಸಪೇಟೆ, ಬಳ್ಳಾರಿಗೆ. ನೀವು ಹೋಗಿ ಬರುವ ಊರಿನಲ್ಲಿ ಯಾರು ರಿಪೇರಿ ಮಾಡಿಕೊಡುತ್ತಾರೆ, ಆ ಕಂಪನಿಯದನ್ನೇ ನೋಡಿ. ಎರಡು ಸಾವಿರ ಕಡಿಮೆಯೆಂದು ದೂರದ ಊರಿನಿಂದ ತರಿಸಿ, ಕೆಟ್ಟಾಗ ಪಾರ್ಸೆಲ್ ಮಾಡಿ ಹದಿನೈದು ದಿನ ಕಾಯುವ ಸ್ಥಿತಿ ಬೇಡ. ಕೇಳಬೇಕಾದ ಪ್ರಶ್ನೆಗಳು ಇವು: ವಾರಂಟಿ ಎಷ್ಟು ವರ್ಷ? ರಿಪೇರಿ ಆಗುವವರೆಗೆ ಬೇರೆ ಯಂತ್ರ ಕೊಡುತ್ತೀರಾ? ಕೊಳ್ಳುವ ಮೊದಲು ಕೆಲವು ದಿನ ಬಾಡಿಗೆಗೆ ಕೊಡುತ್ತೀರಾ? ಸೀರಿಯಲ್ ನಂಬರ್ ಇರುವ ಬಿಲ್ಲನ್ನು ಬಿಡಬೇಡಿ. ರಿಯಾದ್, ದುಬೈಯಲ್ಲಿರುವ ಮಕ್ಕಳು ಪ್ರೀತಿಯಿಂದ ಯಂತ್ರ ತಂದುಕೊಡುತ್ತಾರೆ. 100ರಿಂದ 240 ವೋಲ್ಟ್ ಎಂದು ಬರೆದಿದ್ದರೆ ಇಲ್ಲಿಯ ಕರೆಂಟಿಗೆ ನಡೆಯುತ್ತದೆ. ಆದರೆ ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ಅಲ್ಲಿ ಕೊಳ್ಳುವ ಮೊದಲೇ ಕೇಳಿ.

ಐದನೆಯದು ನಮ್ಮ ಊರಿನ ಕರೆಂಟು, ಧೂಳು, ನೀರು. ಯಂತ್ರದ ಗಾಳಿಗೆ ತೇವ ಕೊಡುವ ಹ್ಯುಮಿಡಿಫೈಯರ್ ನೀರು ಕಾಯಿಸಲು ಹೆಚ್ಚು ಕರೆಂಟ್ ಎಳೆಯುತ್ತದೆ. ಅದನ್ನು ಬಂದ್ ಮಾಡಿದರೆ ಸಾಮಾನ್ಯ ಇನ್ವರ್ಟರ್ ಮೇಲೆ ಯಂತ್ರ ಬಹಳ ಹೊತ್ತು ನಡೆಯುತ್ತದೆ. ಬ್ಯಾಟರಿಯಿಂದ ನೇರ ನಡೆಸುವ ವಯರು ಸಿಗುತ್ತದೆಯೇ ಎಂದು ಕೊಳ್ಳುವಾಗಲೇ ಕೇಳಿ. ಕರೆಂಟ್ ಹೋದರೆ ಮಾಸ್ಕಿನೊಳಗೆ ಉಸಿರುಗಟ್ಟುತ್ತದೆ ಎಂಬ ಹೆದರಿಕೆ ಬೇಡ. ಮೂಗು ಬಾಯಿ ಮುಚ್ಚುವ ಮಾಸ್ಕಿನಲ್ಲಿ ಹೊರಗಿನ ಗಾಳಿ ಒಳಬರಲು ವಾಲ್ವ್ ಇರುತ್ತದೆ. ಮೆಕ್ಕೆಜೋಳ ಒಕ್ಕುವ ಕಾಲದಲ್ಲಿ ಫಿಲ್ಟರನ್ನು ವಾರವಾರವೂ ನೋಡಿ. ನಮ್ಮ ಬೋರ್‌ವೆಲ್ಲಿನ ಗಡಸು ನೀರು ಹಾಕಿದರೆ ಡಬ್ಬಿಯಲ್ಲಿ ಬಿಳಿ ಪದರ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್ ಬಳಸಿ. ರಂಜಾನಿನಲ್ಲಿ ನಿದ್ರೆ ಎರಡು ತುಂಡಾಗುತ್ತದೆ. ಸಹ್ರಿಗೆ ಎದ್ದು ಫಜ್ರ್ ನಂತರ ಮತ್ತೆ ಮಲಗುವವರು ಎರಡನೆಯ ಸಲವೂ ಮಾಸ್ಕ್ ಹಾಕಿಕೊಳ್ಳಬೇಕು. ಉಪವಾಸದ ಹೊತ್ತಿನಲ್ಲಿ ತೇವದ ಗಾಳಿಯ ಬಗ್ಗೆ ಸಂಶಯವಿದ್ದರೆ ಆಲಿಮರನ್ನೂ ವೈದ್ಯರನ್ನೂ ಕೇಳಿ. ನಿಮ್ಮಷ್ಟಕ್ಕೆ ಯಂತ್ರ ನಿಲ್ಲಿಸಬೇಡಿ.

ಕೊನೆಯದಾಗಿ ದಾನಿಗಳಿಗೆ ಹೇಳಬೇಕಾದ ಮಾತು. ಮನೆಯ ಹಿರಿಯರು ತೀರಿಕೊಂಡ ಮೇಲೆ ಅವರ ಯಂತ್ರವನ್ನು ಸದಕಾ ಎಂದು ಕೊಡಲು ಬರುವವರಿದ್ದಾರೆ. ಅವರ ನಿಯ್ಯತ್ತಿಗೆ ಅಲ್ಲಾಹನು ಪ್ರತಿಫಲ ಕೊಡಲಿ. ಆದರೆ ಯಂತ್ರವನ್ನು ಪರೀಕ್ಷಿಸದೆ ಬಡವರ ಮುಖಕ್ಕೆ ಕಟ್ಟುವುದು ದಾನವಲ್ಲ. 2021ರ ಜೂನ್ 14ರಂದು ಫಿಲಿಪ್ಸ್ ಕಂಪನಿ ಡ್ರೀಮ್‌ಸ್ಟೇಷನ್ ಮೊದಲ ಮಾದರಿಯೂ ಸೇರಿದಂತೆ ತನ್ನ ಲಕ್ಷಾಂತರ ಯಂತ್ರಗಳನ್ನು ಜಗತ್ತಿನಾದ್ಯಂತ ಹಿಂದೆ ಕರೆಯಿತು. ಸದ್ದು ತಗ್ಗಿಸಲು ಒಳಗೆ ಹಾಕಿದ್ದ ಪಾಲಿಯುರೆಥೇನ್ ಫೋಮು ಪುಡಿಯಾಗಿ, ಆ ಪುಡಿಯೂ ಅದರ ಆವಿಯೂ ಗಾಳಿಯ ದಾರಿಗೆ ಸೇರುವ ಅಪಾಯ ಕಂಡುಬಂದಿತ್ತು. ಬಿಸಿ, ತೇವದ ಹವೆಯಲ್ಲಿ ಮತ್ತು ಓಜೋನ್ ಬಿಟ್ಟು ತೊಳೆದ ಯಂತ್ರಗಳಲ್ಲಿ ಈ ತೊಂದರೆ ಹೆಚ್ಚು. 2024ರ ಜನವರಿಯಲ್ಲಿ ಆ ಕಂಪನಿ ಅಮೆರಿಕದಲ್ಲಿ ಹೊಸ ನಿದ್ರೆಯ ಯಂತ್ರಗಳ ಮಾರಾಟ ನಿಲ್ಲಿಸುವುದಾಗಿ ಪ್ರಕಟಿಸಿತು. ಅಂಥ ಹಳೆಯ ಯಂತ್ರ ಇಂದಿಗೂ ಯಾರದೋ ಕಪಾಟಿನಲ್ಲಿ ಇರಬಹುದು, ಕಡಿಮೆ ಬೆಲೆಗೆ ಮಾರಾಟಕ್ಕೂ ಬರಬಹುದು. ಆದ್ದರಿಂದ ಹಳೆಯ ಯಂತ್ರ ಕೊಡುವವರು, ಕೊಳ್ಳುವವರು ಇಬ್ಬರೂ ಸೀರಿಯಲ್ ನಂಬರನ್ನು ಕಂಪನಿಯಲ್ಲಿ ವಿಚಾರಿಸಲಿ. ಈಗಾಗಲೇ ಅಂಥದ್ದನ್ನು ಬಳಸುತ್ತಿರುವವರು ಗಾಬರಿಯಿಂದ ಒಮ್ಮೆಲೇ ಬಿಡದೆ ಮೊದಲು ವೈದ್ಯರನ್ನು ಕೇಳಲಿ.

ನಮ್ಮ ಲೆಕ್ಕದ ವಿಷಯವನ್ನೂ ತಿಳಿಸುತ್ತೇವೆ. ಹನಫಿ ಫಿಕ್‌ಹ್ ಪ್ರಕಾರ ಝಕಾತ್ ಹಕ್ಕುದಾರರ ಮಾಲೀಕತ್ವಕ್ಕೆ ಸೇರಬೇಕು. ಆದ್ದರಿಂದ ಝಕಾತ್ ಹಣದಿಂದ ಯಂತ್ರ ಕೊಟ್ಟರೆ ಅದು ಆ ಕುಟುಂಬದ ಸ್ವಂತದ್ದು, ನಾವು ವಾಪಸ್ ಕೇಳುವುದಿಲ್ಲ. ಬಳಸಿ ಹಿಂದಿರುಗಿಸುವಂಥ ಯಂತ್ರಗಳನ್ನು ಸದಕಾ ಮತ್ತು ಇತರ ದಾನದ ಹಣದಿಂದಲೇ ಇಡಬೇಕು. ದಾನಿಗಳು ಹಣ ಕೊಡುವಾಗ ಯಾವ ಬಾಬ್ತು ಎಂದು ಬರೆಸಿದರೆ ನಮಗೆ ಸುಲಭ. ವಿದ್ಯಾರ್ಥಿವೇತನದ ಹಣ ವಿದ್ಯಾರ್ಥಿಗೇ. ಅದನ್ನು ಯಂತ್ರಕ್ಕೆ ತಿರುಗಿಸುವ ಸ್ಥಿತಿ ಬಂದರೆ ಮಗನನ್ನು ಕಾಲೇಜು ಬಿಡಿಸುವ ಮೊದಲು ನಮ್ಮ ಬಳಿ ಬನ್ನಿ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಪಾಲಕರಿಗೆ ಇನ್ನೊಂದು ಮಾತು. ಮಕ್ಕಳಲ್ಲೂ ಈ ಕಾಯಿಲೆ ಬರುತ್ತದೆ. ದಿನವೂ ಗೊರಕೆ ಹೊಡೆಯುವ, ಬಾಯಿ ತೆರೆದು ಮಲಗುವ, ಪಾಠದಲ್ಲಿ ಗಮನವಿಡಲಾಗದ ಮಗುವನ್ನು ದಡ್ಡನೆಂದು ಬೈಯಬೇಡಿ. ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಿ. ಮಕ್ಕಳಲ್ಲಿ ಹೆಚ್ಚಾಗಿ ಟಾನ್ಸಿಲ್, ಅಡಿನಾಯ್ಡ್ ಬೆಳೆದಿರುವುದೇ ಕಾರಣ. ಅದಕ್ಕೆ ಚಿಕಿತ್ಸೆ ಇದೆ.

ಯಂತ್ರಕ್ಕೆ ನೆರವು ಕೋರುವವರು ವೈದ್ಯರ ಚೀಟಿ, ನಿದ್ರೆಯ ಪರೀಕ್ಷೆಯ ವರದಿ, ಹಳೆಯ ಯಂತ್ರದ ಸೀರಿಯಲ್ ನಂಬರ್, ಎರಡು ಅಂಗಡಿಗಳ ದರಪಟ್ಟಿ ಮತ್ತು ನಿಮ್ಮ ಜಮಾಅತಿನ ಪತ್ರವನ್ನು ಅರ್ಜಿಯೊಂದಿಗೆ ಕೊಡಿ. ದರ ಕಡಿಮೆಯಿರುವ ಅಂಗಡಿಗಿಂತ ಚೀಟಿಗೆ ಹೊಂದುವ, ರಿಪೇರಿ ಹತ್ತಿರ ಸಿಗುವ ಯಂತ್ರಕ್ಕೆ ನಾವು ಮೊದಲ ಸ್ಥಾನ ಕೊಡುತ್ತೇವೆ. ಅರ್ಜಿ ನೋಡುವ ಹೊತ್ತಿನಲ್ಲಿ ಯಂತ್ರವಿಲ್ಲದೆ ಇರುವವರು ಬಾಡಿಗೆ ಯಂತ್ರದ ಬಗ್ಗೆ ವೈದ್ಯರನ್ನು ಕೇಳಲಿ, ಅಲ್ಲಿಯವರೆಗೆ ರಾತ್ರಿ ಗಾಡಿ ಓಡಿಸದಿರಲಿ.

ದಾನಿಗಳ ಸಂಪಾದನೆಯಲ್ಲಿ ಬರಕತ್ ಆಗಲಿ, ಕಾಯಿಲೆಯಲ್ಲಿರುವವರಿಗೆ ಶಿಫಾ ಸಿಗಲಿ, ನಮ್ಮ ಮಕ್ಕಳ ಓದು ನಿಲ್ಲದಿರಲಿ ಎಂದು ದುಆ ಮಾಡುತ್ತಾ ಮಾತು ಮುಗಿಸುತ್ತೇವೆ.